ರೊಟ್ಟಿಯ ಮುಂದೆ ಫುಡ್ ಪ್ರೊಸೆಸರ್

ಹುಬ್ಬಳ್ಳಿ-ಧಾರವಾಡದಲ್ಲಿ ಫುಡ್ ಪ್ರೊಸೆಸರ್ ಕೊಳ್ಳುವವರು ಮೊದಲು ಜೋಳದ ರೊಟ್ಟಿಯನ್ನು ಲೆಕ್ಕದಿಂದ ಬಿಡಬೇಕು. ಹೋಳಿಗೆಯ ಕಣಕವನ್ನು ಯಂತ್ರ ಚೆಂದ ನಾದುತ್ತದೆ, ಗೋಧಿಯಲ್ಲಿ ಗ್ಲುಟೆನ್ ಇದೆಯಲ್ಲ! ಜೋಳದಲ್ಲಿ ಅದಿಲ್ಲ, ಕುದಿನೀರು ಹಾಕಿ ಅಂಗೈಯಿಂದ ಒತ್ತಿ ಒತ್ತಿ ನಾದಿದರೇ ರೊಟ್ಟಿ ಬಿರಿಯದೆ ತಟ್ಟಲು ಬರುತ್ತದೆ. ಬ್ಲೇಡು ಸುತ್ತುತ್ತದೆ, ಒತ್ತುವುದಿಲ್ಲ. ಗಿರ್ಮಿಟ್‌ನ ಉಳ್ಳಾಗಡ್ಡಿ ಹೆಚ್ಚಲು ಬೇಕಲ್ಲರೀ ಎಂದರೆ, ಬೇಕು. ಆದರೆ ಗುಂಡಿ ಒಂದು ಕ್ಷಣ ಹೆಚ್ಚು ಒತ್ತಿದರೆ ಗೊಜ್ಜೇ ಗತಿ. ಇನ್ನು ಸಮಯ ಉಳಿಯುತ್ತದೆ ಎಂಬ ವಾದ: ನಾಲ್ಕು ಮೆಣಸಿನಕಾಯಿಗಾಗಿ ಬಟ್ಟಲು, ಮುಚ್ಚಳ, ಬ್ಲೇಡು ತೊಳೆಯುವವರನ್ನು ಕೇಳಿ. ಹಬ್ಬಕ್ಕೆ, ಬೀಗರಿಗೆ ಕೊಳ್ಳುವುದಾದರೆ ಕೊಳ್ಳಿ. ಡಜನ್ ಬಿಡಿಭಾಗ ಬೇಡ, ಬಟ್ಟಲು ದೊಡ್ಡದಿರಲಿ, ಬಿಟ್ಟು ಬಿಟ್ಟು ಓಡುವ ಪಲ್ಸ್ ಗುಂಡಿಯಂತೂ ಇರಲೇಬೇಕು. ಇಲ್ಲದಿದ್ದರೆ ಶೇಂಗಾ ಹಿಂಡಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.