ಹುಳಿ ಮಳೆ

ಆಮ್ಲಮಳೆಯ ಪಾಠ ಮಾಡಿದ ದಿನ ಹೊರಗೆ ಮಳೆ ಎಷ್ಟು ಜೋರಾಗಿತ್ತೆಂದರೆ, ಹೆಂಚಿನ ಸದ್ದಿನಲ್ಲಿ ನನ್ನ ಪಾಠ ನನಗೇ ಕೇಳುತ್ತಿರಲಿಲ್ಲ. ಮಲೆನಾಡಿನ ಮೇಷ್ಟ್ರಿಗೆ ಜುಲೈ ಎಂದರೆ ಹೀಗೇ. ನಾವು ಬಾಯಿ ಆಡಿಸಬೇಕು, ಮಕ್ಕಳು ತಲೆ ಆಡಿಸಬೇಕು. ಕೂಗಿ ಕೂಗಿ ಸೋತು, "ನಾಳೆ ಎಲ್ಲರೂ ನಿಮ್ಮನೆ ಮಳೆನೀರು ತನ್ನಿ, ಪರೀಕ್ಷೆ ಮಾಡೋಣ" ಎಂದೆ.

ಮರುದಿನ ಬೆಂಚಿನ ಮೇಲೆ ಬಾಟಲಿಗಳ ಸಂತೆ. ಪಿಎಚ್ ಕಾಗದದ ಪುಟ್ಟ ಪುಸ್ತಕ ಹಿಡಿದು ಗಂಭೀರವಾಗಿ ನಿಂತೆ. ಮಳೆನೀರು ಹುಟ್ಟಿನಿಂದಲೇ ಸ್ವಲ್ಪ ಹುಳಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಅದರ ಪಿಎಚ್ ಸುಮಾರು 5.6 ಆಗಿರುತ್ತದೆ, ಅದಕ್ಕಿಂತ ಇಳಿದರೆ ಆಮ್ಲಮಳೆ, ಒಂದು ಅಂಕ ಇಳಿದರೆ ಹುಳಿ ಹತ್ತುಪಟ್ಟು. ಇಷ್ಟನ್ನೂ ವಿವರಿಸಿದೆ. 1909ರಲ್ಲಿ ಈ ಅಳತೆ ರೂಪಿಸಿದ ಸೊರೆನ್‌ಸೆನ್ ಡೆನ್ಮಾರ್ಕಿನ ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದ ಎಂಬುದನ್ನು ಮಾತ್ರ ಹೇಳಲಿಲ್ಲ. ವಿಜ್ಞಾನದಲ್ಲಿ ಆಸಕ್ತಿ ವಿಪರೀತವಾದೀತೆಂಬ ಭಯ.

ಮೊದಲ ಬಾಟಲಿಗೆ ಕಾಗದ ಅದ್ದಿದೆ. ಮೂರು! ಮಳೆಯಲ್ಲ, ವಿನೆಗರ್. ಪತ್ರಿಕೆಯಲ್ಲಿ ನನ್ನ ಫೋಟೋ ಯಾವ ಮೂಲೆಗೆ ಬಂದೀತೆಂದು ಮನಸ್ಸು ಲೆಕ್ಕ ಹಾಕತೊಡಗಿತು. ಎರಡನೆಯದು ಪಕ್ಕದ ಮನೆಯದು. ಒಂಬತ್ತು! ನಡುವೆ ಬರೀ ಒಂದು ಬೇಲಿ. ಬೇಲಿಯ ಈಚೆ ಹುಳಿ ಮಳೆ, ಆಚೆ ಸೋಪಿನ ಮಳೆಯೇ?

ಮೂಸಿ ನೋಡಿದಾಗ ಗುಟ್ಟು ರಟ್ಟಾಯಿತು. ಮೊದಲ ಬಾಟಲಿಯಲ್ಲಿ ಹಿಂದಿನ ದಿನದವರೆಗೆ ಮುರುಗಲು ಶರಬತ್ತಿತ್ತು. ಎರಡನೆಯವಳ ಅಜ್ಜಿ ಚೊಂಬನ್ನು ಬೂದಿ ಹಚ್ಚಿ ಉಜ್ಜಿ, ಸರಿಯಾಗಿ ತೊಳೆಯದೆ ಕೊಟ್ಟಿದ್ದರು. ಎಂಟು ತೋರಿಸಿದ್ದು ಹೊಸ ತಾರಸಿ ಮನೆಯ ನೀರು, ಸಿಮೆಂಟಿನ ಸುಣ್ಣ ತೊಳೆದುಕೊಂಡು ಬಂದಿತ್ತು. ಸರಿಯಾಗಿ ಏಳು ಬಂದದ್ದು ಒಬ್ಬನದೇ. "ನೆನೀಬೇಡ ಅಂತ ಅಮ್ಮ ಬೈದ್ರು ಸಾರ್, ಬಾವಿ ನೀರು ತಂದೆ" ಎಂದ.

ಸಂಜೆ ಮೊದಲ ಬಾಟಲಿಯ ಹುಡುಗನ ತಂದೆ ಛತ್ರಿ ಮಡಚುತ್ತಾ ಬಂದರು. "ನಮ್ಮ ತೋಟಕ್ಕೆ ಹುಳಿ ಮಳೆಯಂತೆ. ಅಡಿಕೆಗೆ ಕೊಳೆ ಬಂದಿದ್ದು ಅದಕ್ಕೇನಾ ಮೇಷ್ಟ್ರೇ?"

ಮುರುಗಲಿನ ಕಥೆ ಹೇಳಿದೆ. ಅವರು ನಗಲಿಲ್ಲ. "ಕೊಳೆ ಔಷಧಿ ಮಾಡುವಾಗ ನಾವು ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಕತ್ತಿ ಅದ್ದಿ ನೋಡ್ತೀವಿ. ಕತ್ತಿಗೆ ತಾಮ್ರದ ಕೆಂಪು ಹಿಡಿದ್ರೆ ಹುಳಿ ಇನ್ನೂ ಹೋಗಿಲ್ಲ, ಸುಣ್ಣ ಸಾಲದು ಅಂತ ಲೆಕ್ಕ. ಆದ್ರೆ ಮೊದಲು ಕತ್ತಿಯನ್ನ ಉಜ್ಜಿ ಹೊಳಪು ಮಾಡ್ಕೋಬೇಕು. ತುಕ್ಕು ಕತ್ತಿ ಏನು ಹೇಳುತ್ತೆ? ನೀವು ಬಾಟಲಿ ತೊಳೆಸಿದ್ರಾ?"

ಬಿ.ಎಡ್.ನಲ್ಲಿ ನನಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಮರುದಿನ ಗಾಜಿನ ಬೀಕರನ್ನು ಚೆನ್ನಾಗಿ ತೊಳೆದು, ಮರವೂ ಸೂರೂ ಇಲ್ಲದ ಆಟದ ಮೈದಾನದ ನಡುವೆ ಸ್ಟೂಲಿನ ಮೇಲಿಟ್ಟೆವು. ಕಾಗದದ ಬಣ್ಣ ಐದಕ್ಕೂ ಆರಕ್ಕೂ ನಡುವೆ ನಿಂತಿತು. ಅಂದರೆ, ಮಳೆ ಇರಬೇಕಾದಷ್ಟೇ ಹುಳಿ.

"ಇಷ್ಟೇನಾ ಸಾರ್?" ಎಂದು ಇಡೀ ತರಗತಿ ಮುಖ ಸಪ್ಪೆ ಮಾಡಿಕೊಂಡಿತು.

ಇಷ್ಟೇ. ನಮ್ಮೂರ ಮಳೆ ನಿರಪರಾಧಿ. ಬಾಟಲಿಗಳನ್ನು ಮಾತ್ರ ನಾನು ಈಗಲೂ ಮೂಸಿಯೇ ಒಳಗೆ ಬಿಡುತ್ತೇನೆ.