ಬೈಟು ಮತ್ತು ಕಟಿಂಗ್

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನಗೆ ಅರ್ಧ ಎಂದರೆ ಬೈಟು ಕಾಫಿ. ಒಂದು ಕಾಫಿ, ಎರಡು ಲೋಟ, ಎದುರಿಗೊಬ್ಬ ಗೆಳೆಯ. ವರ್ಗವಾಗಿ ಮುಂಬೈಗೆ ಹೋದ ಮೊದಲ ವಾರವೇ ಅಲ್ಲಿಯ ಅರ್ಧದ ಕುಲಗೋತ್ರ ಬೇರೆ ಎಂದು ತಿಳಿಯಿತು. ಅದರ ಹೆಸರು ಕಟಿಂಗ್. ಅರ್ಧ ಗ್ಲಾಸು ಚಹಾ, ನಿಂತಲ್ಲೇ ಎರಡು ಗುಟುಕು, ಆಮೇಲೆ ಓಟ. ಉಳಿದರ್ಧ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಇದು ಗೊತ್ತಾಗುವ ಮುಂಚೆ ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಒಬ್ಬನೇ ಕೂತು, ಅಭ್ಯಾಸಬಲದಿಂದ "ಒಂದು ಬೈಟು" ಎಂದುಬಿಟ್ಟಿದ್ದೆ. ಕುಂದಾಪುರ ಕಡೆಯ ಸಪ್ಲೈಯರ್ ಎದುರಿನ ಖಾಲಿ ಕುರ್ಚಿ ನೋಡಿದ, ನನ್ನ ಮುಖ ನೋಡಿದ. "ಬೆಂಗ್ಳೂರಿಂದ ಬಂದದ್ದಾ ಮಾರಾಯ್ರೆ? ಇನ್ನರ್ಧ ಯಾರಿಗೆ?"

ಹವೆಯ ಮಾತು ಎತ್ತುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಬದುಕಿದವನು ಸಮುದ್ರದ ಮಗ್ಗುಲಿಗೇ ಹೋಗಿ ಬೆವರಿದೆ ಎಂದು ದೂರುವುದು ಮರ್ಯಾದೆಯಲ್ಲ. ಜುಲೈ ತಿಂಗಳಲ್ಲಿ ಕರಿದಿಟ್ಟ ಹಪ್ಪಳ ಅರ್ಧ ಗಂಟೆಯಲ್ಲಿ ನೀರುದೋಸೆಯಾಗುತ್ತಿತ್ತು, ಅಷ್ಟೇ.

ಆಟೋದ ಲೆಕ್ಕವೂ ಭಿನ್ನರಾಶಿಯದೇ. ಬೆಂಗಳೂರಿನಲ್ಲಿ ರಾತ್ರಿ 10 ಹೊಡೆದರೆ ಒಂದೂವರೆ ಪಟ್ಟು. ಮುಂಬೈಯಲ್ಲಿ ನಡುರಾತ್ರಿ 12ರವರೆಗೆ ಸುಮ್ಮನಿದ್ದು ಆಮೇಲೆ ಕಾಲು ಭಾಗ ಹೆಚ್ಚು. ಇದು ನಿಯಮ. ನಮ್ಮೂರಿನಲ್ಲಿ ಮೋಡ ಕಂಡರೂ ಒಂದೂವರೆ ಎನ್ನುವುದು ಸಂಪ್ರದಾಯ. ಮುಂಬೈ ಆಟೋದವನು ಕೇಳದೆಯೇ ಮೀಟರ್ ಹಾಕಿದಾಗ ನನಗೆ ಎಂಥದೋ ಅನುಮಾನ. ಇಳಿದ ಮೇಲೆ ಅವನು ಎರಡು ರೂಪಾಯಿ ಚಿಲ್ಲರೆ ವಾಪಸ್ ಕೊಟ್ಟಾಗಲಂತೂ ನೋಟು ಖೋಟಾ ಇರಬಹುದೇ ಎಂದು ನನ್ನ ನೋಟನ್ನೇ ನೆನೆಸಿಕೊಂಡೆ.

ನನ್ನ ಮನೆ ಠಾಣೆಯಲ್ಲಿ, ಕಚೇರಿ ದಾದರಿನಲ್ಲಿ. ದೇಶದ ಮೊದಲ ಪ್ಯಾಸೆಂಜರ್ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ 34 ಕಿಲೋಮೀಟರ್ ಓಡಿ ಬಂದದ್ದು ಇದೇ ಠಾಣೆಗೆ. ಅಂದು ಅದರಲ್ಲಿದ್ದ ಅತಿಥಿಗಳೆಲ್ಲ ಪೂರ್ತಿ ಪೂರ್ತಿ ಕೂತಿದ್ದರೆಂದು ಕಾಣುತ್ತದೆ. ಈಗಿನ ಲೋಕಲ್‌ನಲ್ಲಿ ಮೂವರ ಬೆಂಚಿನ ತುದಿಗೆ 'ಫೋರ್ತ್ ಸೀಟ್' ಎಂಬುದೊಂದಿದೆ. ಯಾವ ಕಾನೂನಿನಲ್ಲೂ ಇಲ್ಲದ, ಆದರೆ ಯಾರೂ ತಪ್ಪಿಸದ ಹಕ್ಕು ಅದು. ನಾಲ್ಕನೆಯವನು ಬಂದು ನಿಂತರೆ ಸಾಕು, ಮೂವರೂ ಮೊಬೈಲಿನಿಂದ ತಲೆ ಎತ್ತದೆ ಒಂದೊಂದಿಂಚು ಸರಿಯುತ್ತಾರೆ. ಅವನ ಅರ್ಧ ದೇಹ ಬೆಂಚಿನ ಮೇಲೆ, ಉಳಿದರ್ಧ ಬಲಗಾಲಿನ ಜವಾಬ್ದಾರಿ. 'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂಬುದನ್ನು ಊರಿನ ಘೋಷವಾಕ್ಯ ಮಾಡಿಕೊಂಡ ನಾವು ಬಸ್ಸಿನಲ್ಲಿ ಯಾರಾದರೂ ಹಾಗೆಂದರೆ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗುತ್ತೇವೆ.

ಒಂದು ದಿನ ಠಾಣೆಯಿಂದಲೇ ಹೊರಡುವ ಸ್ಲೋ ಲೋಕಲ್‌ನಲ್ಲಿ ನನಗೆ ಪೂರ್ತಿ ಸೀಟೇ ಸಿಕ್ಕಿತು. ಮುಲುಂಡ್‌ನಲ್ಲಿ ಹತ್ತಿದವರೊಬ್ಬರು ಬಾಗಿ, "ಕಿಧರ್ ಉತರೇಗಾ?" ಎಂದರು. ಕರುಳು ಕರಗಿತು. ಈ ಮಹಾನಗರದಲ್ಲೂ ನಾನೆಲ್ಲಿ ಇಳಿಯುತ್ತೇನೆಂದು ವಿಚಾರಿಸುವ ಜೀವ! ದಾದರ್ ಎಂದೆ, ಕಚೇರಿಯ ವಿಷಯ ಹೇಳಿದೆ, ಬಾಡಿಗೆ ಹೇಳಿದೆ. ಅವರು ತಲೆಯಾಡಿಸಿ ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಂತರು. ಕುರ್ಲಾದಲ್ಲಿ ಇನ್ನೊಬ್ಬರು ಅದೇ ಪ್ರಶ್ನೆ ಕೇಳಿದಾಗ ನನ್ನ ಪರವಾಗಿ ಅವರೇ ಉತ್ತರಿಸಿದರು. ಮಾಟುಂಗಾ ಬರುವ ಮೊದಲೇ "ಉಠೋ, ದಾದರ್ ಆಯಾ" ಎಂದು ಎಚ್ಚರಿಸಿದರು. ಧನ್ಯವಾದ ಹೇಳಲು ಎದ್ದು ತಿರುಗುವಷ್ಟರಲ್ಲಿ ಅವರು ಕೂತಾಗಿತ್ತು, ಕಣ್ಣೂ ಮುಚ್ಚಿಯಾಗಿತ್ತು.

ಮೂರು ವರ್ಷದಲ್ಲಿ ನಾನೂ ಆ ವಿದ್ಯೆ ಕಲಿತೆ. ಕೇಳುವವನ ಮುಖ ನೋಡದೆ "ದಾದರ್" ಎನ್ನುವುದು, ಕೂತವನ ಚೀಲದ ಚಲನೆಯಿಂದಲೇ ಅವನ ಸ್ಟೇಷನ್ ಊಹಿಸುವುದು, ಎಲ್ಲ.

ಮರಳಿ ಬೆಂಗಳೂರಿಗೆ ವರ್ಗವಾಯಿತು. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದೆ. ಹೋಗಬೇಕಾದದ್ದು ವೈಟ್‌ಫೀಲ್ಡಿಗೆ, ನಿಂತು ಹೋಗಲು ದೂರವೇ. ಕೂತಿದ್ದ ಹಿರಿಯರೊಬ್ಬರನ್ನು ಆರಿಸಿಕೊಂಡು, ಬಾಗಿ ಕೇಳಿದೆ, "ಎಲ್ಲಿ ಇಳೀತೀರಿ ಸರ್?"

"ಇಂದಿರಾನಗರ. ಯಾಕೆ, ನಿಮಗೂ ಅಲ್ಲೇನಾ? ಯಾವೂರು ತಮ್ದು?"

ಇಲ್ಲೇ, ಬಸವನಗುಡಿ ಎಂದೆ. ಅಷ್ಟೇ ಸಾಕಾಯಿತು. ವಿಧಾನಸೌಧ ಸ್ಟೇಷನ್ನಿನಲ್ಲಿ ನಮ್ಮ ಬೀದಿ ಯಾವುದೆಂದು ಇತ್ಯರ್ಥವಾಯಿತು. ಎಂ.ಜಿ. ರಸ್ತೆಯ ಹೊತ್ತಿಗೆ ನಮ್ಮ ಸೋದರತ್ತೆಯ ಬೀಗರು ಅವರಿಗೆ ಹಳೆಯ ನೆರೆಮನೆಯವರೆಂದು ಪತ್ತೆಯಾಯಿತು. ಹಲಸೂರಿನಲ್ಲಿ ಆ ಬೀಗರ ಸೈಟಿನ ವ್ಯಾಜ್ಯ ಶುರುವಾಯಿತು, ಅದು 30-40ರ ಸೈಟಾದರೂ ಕತೆ ಎಕರೆಗಟ್ಟಲೆ ಇತ್ತು. ಇಂದಿರಾನಗರದಲ್ಲಿ ಬಾಗಿಲು ತೆರೆಯಿತು, ಮುಚ್ಚಿತು. ನನಗೆ ಗೊತ್ತಾಯಿತು, ಆದರೆ ತೀರ್ಪು ಇನ್ನೂ ಬಂದಿರಲಿಲ್ಲ.

"ಅಯ್ಯೋ, ಹೋಯ್ತಲ್ರೀ!" ಎಂದು ಅವರು ಎದ್ದದ್ದು ಬೈಯಪ್ಪನಹಳ್ಳಿಯಲ್ಲಿ. ಖಾಲಿಯಾದ ಸೀಟಿನಲ್ಲಿ ಇಯರ್‌ಫೋನ್ ಹುಡುಗನೊಬ್ಬ ಕೂತ. ನಾನೂ ಅವರ ಜೊತೆ ಇಳಿದಿದ್ದೆ, ಏಕೆಂದರೆ ಅವರು ಮಾತು ನಿಲ್ಲಿಸದೆ ನನ್ನ ತೋಳು ಹಿಡಿದುಕೊಂಡಿದ್ದರು.

ಪ್ಲಾಟ್‌ಫಾರ್ಮಿನಲ್ಲಿ ಉಸಿರು ಬಿಟ್ಟು ಹೇಳಿದರು, "ಇರ್ಲಿ ಬಿಡಿ. ಹೊರಗೆ ಹೋಗಿ ಒಂದು ಬೈಟು ಹಾಕೋಣ, ಬನ್ನಿ."