ತಾಡನಮೀಮಾಂಸೆ: ಘಟಪ್ರಭಾ ಸೀಮೆಯ ಬ್ಯಾಟರಿ ವೈದ್ಯದ ಒಂದು ಶಾಸ್ತ್ರೀಯ ವಿವೇಚನೆ

ಶಿಷ್ಟರು ಟಾರ್ಚ್ ಎಂದೂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬು ಬೆಳೆಗಾರರು ಬ್ಯಾಟರಿ ಎಂದೂ ಕರೆಯುವ ಕೈದೀಪವು ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿನ ನೆರಳಿನಲ್ಲಿ ಬೆಳೆದ ಸಾಧನವಾಗಿದೆ. 52 ಮೀಟರ್ ಎತ್ತರದ ಜಲಪಾತದಿಂದ 1887ರಷ್ಟು ಹಿಂದೆಯೇ ಗಿರಣಿಗೆ ಶಕ್ತಿ ಪಡೆದ ಗೋಕಾಕದ ಪಕ್ಕದಲ್ಲಿ, 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡ ಹುಕ್ಕೇರಿಯ ನೆಲದಲ್ಲಿ, ರೈತನು ನಡುರಾತ್ರಿ ನೀರು ಹಾಯಿಸಲು ಗೇಣುದ್ದದ ದೀಪವೊಂದನ್ನೇ ನಂಬಿ ಹೊರಡಬೇಕಾಗಿರುವುದು ಇತಿಹಾಸಕಾರರು ಬಿಡಿಸಬೇಕಾದ ಒಗಟಾಗಿದ್ದು, ಅದು ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಈ ಸೀಮೆಯಲ್ಲಿ ದೀಪದ ಸಕಲ ರೋಗಗಳೂ ‘ಹತ್ತವಲ್ದು’ ಎಂಬ ಒಂದೇ ದೂರಿನಲ್ಲಿ ಅಡಕವಾಗಿದ್ದು, ಸರ್ವಸಮ್ಮತ ಚಿಕಿತ್ಸೆಯೂ ಒಂದೇ ಆಗಿದೆ: ಅದು ತಾಡನ, ಎಂದರೆ ದೀಪದ ಬುಡವನ್ನು ಅಂಗೈಗೆ ರಪ್ಪನೆ ಬಡಿಯುವುದು. ಇದು ಮೂಢನಂಬಿಕೆಯೆಂಬುದು ಪೂರ್ವಪಕ್ಷ. ಆದರೆ ಎಲ್‌ಇಡಿಯು ತಂತಿ ಕಾದು ಉರಿಯುವ ಹಳೆಯ ಬಲ್ಬಿನ ಕುಲದ್ದಲ್ಲ, ಸುಮಾರು 3 ವೋಲ್ಟಿಗೆ ಬೆಳಗುವ ಅರೆವಾಹಕದ ಚೂರು. ಅದು ಅಷ್ಟು ಸುಲಭಕ್ಕೆ ಪ್ರಾಣ ಬಿಡುವುದಿಲ್ಲ, ಅದಕ್ಕೆ ಕರೆಂಟು ಮುಟ್ಟಿಸುವ ಸ್ಪ್ರಿಂಗು ತುಕ್ಕು ಹಿಡಿಯುತ್ತದೆ, ಸ್ವಿಚ್ಚಿಗೆ ಕಿಲುಬು ಕಟ್ಟುತ್ತದೆ. ಪೆಟ್ಟಿಗೆ ಆ ಪದರ ಕ್ಷಣಕಾಲ ಬಿರಿದು ಲೋಹಕ್ಕೆ ಲೋಹ ತಾಗುವುದರಿಂದ ದೀಪ ಹತ್ತುತ್ತದೆ. ಹಾಗಾಗಿ ತಾಡನವನ್ನು ರೋಗನಿದಾನವೆಂದು ಭಾವಿಸುವುದೇ ಸಿದ್ಧಾಂತಪಕ್ಷ. ಪೆಟ್ಟು ಮೂರನ್ನು ಮೀರಬಾರದು. ನಾಲ್ಕನೆಯದು ಶಾಸ್ತ್ರಕ್ಕೆ ಸೇರದು, ಸಿಟ್ಟಿಗೆ ಸೇರುತ್ತದೆ.

ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದು, ಸೆಲ್ಲಿನ ಋಣ ತುದಿಯನ್ನೂ ಕೊಳವೆಯ ಬಣ್ಣವಿಲ್ಲದ ಅಂಚನ್ನೂ ತಂತಿಯ ತುಂಡಿನಿಂದ ಮುಟ್ಟಿಸಿದಾಗ ದೀಪ ಹತ್ತಿದರೆ ದೋಷವು ಮುಚ್ಚಳದಲ್ಲಿರುವ ಸ್ವಿಚ್ಚಿನದೋ ಸ್ಪ್ರಿಂಗಿನದೋ ಎಂದೂ, ಹತ್ತದಿದ್ದರೆ ಸೆಲ್ಲಿನದೋ ತಲೆಯ ಕಡೆಯದೋ ಎಂದೂ ತಿಳಿಯತಕ್ಕದ್ದು. ಸಿಗರೇಟು ಪಾಕೀಟಿನ ಬೆಳ್ಳಿ ಕಾಗದವನ್ನು ಸೆಲ್ಲಿನ ಬುಡಕ್ಕೆ ಇಡುವ ಜನಪದ ವಿಧಾನವು ಮಾನ್ಯವೇ ಆದರೂ, ಎರಡು ಮಗ್ಗುಲಿಗೂ ಬೆಳ್ಳಿ ಬರುವಂತೆ ಮಡಚದಿದ್ದರೆ ಕಾಗದವೇ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಕೈ ಪಳಗಿದವರು ಸ್ಪ್ರಿಂಗಿನ ತುದಿಯಿಂದ ಬುಡಕ್ಕೆ ತಾಮ್ರದ ಎಳೆಯೊಂದನ್ನು ಬೆಸೆಯುತ್ತಾರೆ, ಏಕೆಂದರೆ 3.7 ವೋಲ್ಟಿನ ಸೆಲ್ಲಿನಿಂದ 3 ವೋಲ್ಟಿನ ದೀಪ ಬೆಳಗಿಸುವಲ್ಲಿ ಕೈಯಲ್ಲಿ ಉಳಿಯುವುದು 0.7 ವೋಲ್ಟ್ ಮಾತ್ರವಾಗಿದ್ದು, 0.1 ಓಮ್ ಪ್ರತಿರೋಧದ ಸ್ಪ್ರಿಂಗು 2 ಆಂಪಿಯರಿಗೆ ಅದರಲ್ಲೂ 0.2 ವೋಲ್ಟನ್ನು ನುಂಗಿಬಿಡುತ್ತದೆ.

ಜೂಮ್ ಪಂಥದವರು, ಅಂದರೆ ಮುಂದಿನ ಮಸೂರವನ್ನು ಜಗ್ಗಿ ಬೆಳಕನ್ನು ದೂರಕ್ಕೆ ಎಸೆಯುವವರು, ಸಾಲಿನ ಆ ತುದಿಗೆ ನೀರು ಮುಟ್ಟಿದ್ದನ್ನು ಇಲ್ಲಿಂದಲೇ ಕಾಣುತ್ತಾರೆ. ಆದರೆ ಪೂರ್ತಿ ಜಗ್ಗಿದಾಗ ಅಲ್ಲಿ ಬೀಳುವುದು ಎಲ್‌ಇಡಿ ಚೂರಿನದೇ ಚೌಕಾಕಾರದ ಬಿಂಬ, ಕಾಲ ಬುಡದಲ್ಲಿ ಕತ್ತಲೆಯೇ. ಅಗ್ಗದ ನೀಲಿಬಿಳುಪು ಬೆಳಕು ಕಂದು ಬಣ್ಣವನ್ನು ಸರಿಯಾಗಿ ತೋರದ ಕಾರಣ ಒಣ ರವದಿಯ ಮೇಲೆ ಮಲಗಿದ ಮಂಡಲದ ಹಾವು ರವದಿಯಾಗಿಯೇ ಉಳಿಯುವ ಸಂಭವವಿದ್ದು, ಕಬ್ಬಿನ ಗದ್ದೆಗೆ ಹಳದಿ ಛಾಯೆಯ, ಹರಡುವ ಬೆಳಕೇ ಶ್ರೇಷ್ಠ. 9900 ಎಂಎಎಚ್ ಎಂದು ಅಚ್ಚಾದ ಸೆಲ್ಲುಗಳನ್ನು ಪುರಾಣ ಸಾಹಿತ್ಯದಡಿ ಪರಿಶೀಲಿಸುವುದು ಉಚಿತ.

ಕೊನೆಯದಾಗಿ ರೂಪಾಂತರ ಪ್ರಕರಣ. ಅಗ್ಗದ ಚಾರ್ಜಿಂಗ್ ಬ್ಯಾಟರಿಯೊಳಗಿನ 4 ವೋಲ್ಟಿನ ಸೀಸ-ಆಮ್ಲ ಕೋಶ ಸತ್ತಾಗ ಆ ಜಾಗದಲ್ಲಿ 18650 ಎಂಬ, ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್ಲನ್ನು ಕೂರಿಸುವ ಸಾಹಸವು ಪ್ರಚಲಿತವಿದೆ. ಇಂಥ ಹಲವು ದೀಪಗಳ ಚಾರ್ಜರೆಂದರೆ ಟ್ರಾನ್ಸ್‌ಫಾರ್ಮರಿಲ್ಲದೆ ಮನೆಯ ಕರೆಂಟಿಗೆ ನೇರ ಜೋಡಿಸಿದ ಒಂದು ಕೆಪಾಸಿಟರು, ನಾಲ್ಕು ಡಯೋಡು; ಎಲ್ಲಿ ನಿಲ್ಲಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಸೀಸದ ಕೋಶ 4.8 ವೋಲ್ಟಿನವರೆಗೂ ತಾಳಿಕೊಳ್ಳುತ್ತದೆ, ಲಿಥಿಯಂ ಸೆಲ್ಲು 4.2 ದಾಟಿದರೆ ಬಿಸಿಯೇರಿ ಬೆಂಕಿಯನ್ನೂ ಕಾರಬಲ್ಲದು. ಆದ್ದರಿಂದ ಸೆಲ್ ಬದಲಿಸಿದವರು ಹಳೆಯ ಪಿನ್ನನ್ನು ಕಿತ್ತುಹಾಕಿ, 4.2 ವೋಲ್ಟಿಗೆ ತಾನಾಗಿ ನಿಲ್ಲುವ ಚಾರ್ಜಿಂಗ್ ಬೋರ್ಡನ್ನು ಕೂರಿಸಿಕೊಳ್ಳಬೇಕೆಂದೂ, ಹಳೆಯದನ್ನೇ ಇಟ್ಟುಕೊಂಡವರು ಒಳಗಿನ ಪ್ರತಿ ತಂತಿಯಲ್ಲೂ 230 ವೋಲ್ಟ್ ಇದೆಯೆಂದು ತಿಳಿದು, ಹೊಟ್ಟೆ ಬಿಚ್ಚುವ ಮೊದಲು ಪ್ಲಗ್ ಕೀಳಬೇಕೆಂದೂ ವಿನಂತಿ.